ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಜಾತ್ರೆ ಜಿಲೇಬಿ, ತಿಪಟೂರು ಕಡೆ ಕಾಯೊಬ್ಬಟ್ಟು

ಫ್ರೆಂಡ್ಸ್ ಜೊತೆ ಬೆಳಗ್ಗೆ ತಿಂಡಿಗೆ ಅಂತಾನೇ ಹೊರಡೋದಾದ್ರೆ ನನ್ನ ವೋಟು ಯಾವತ್ತೂ ಕ್ಯಾತ್ಸಂದ್ರಕ್ಕೆ. ಬೆಂಗಳೂರಿಂದ ಬರೋರಿಗೆ ತುಮಕೂರಿಗಿಂತ ಸ್ವಲ್ಪ ಮುಂಚೆನೇ ಸಿಗುತ್ತೆ, ಸಿದ್ಧಗಂಗಾ ಮಠಕ್ಕೆ ಹೋಗೋರು ಇಳಿಯೋದೂ ಇಲ್ಲೇ. ನಾವು ಹೋಗೋ ಹೋಟ್ಲು ತೀರಾ ಚಿಕ್ಕದು, ನಾಕೈದು ಟೇಬಲ್ಲು ಅಷ್ಟೇ, ಜಾಗ ಸಿಗದೇ ಇದ್ರೆ ಹೊರಗೆ ಬೈಕ್ ಸೀಟ್ ಮೇಲೆ ಪ್ಲೇಟ್ ಇಟ್ಕೊಂಡು ತಿನ್ನೋದು.

ಇಡ್ಲಿ ಬಗ್ಗೆ ಹೇಳ್ತೀನಿ ಕೇಳಿ. ತಟ್ಟೆ ಮೇಲೆ ತಟ್ಟೆ ಜೋಡಿಸಿದ ಸ್ಟ್ಯಾಂಡನ್ನ ಹಬೆಯಿಂದ ಎತ್ತಿ ಇಟ್ಟ ತಕ್ಷಣ ಅಲ್ಲಿರೋ ಅಣ್ಣ ಚಮಚನ ನೀರಲ್ಲಿ ಅದ್ದಿ ಅಂಚಲ್ಲಿ ಒಂದು ಸುತ್ತು ಬಿಡಿಸ್ತಾರೆ, ಇಡ್ಲಿ ಒಂಚೂರೂ ಹರಿಯದೆ ಪೂರ್ತಿ ಪ್ಲೇಟಿಗೆ ಜಾರುತ್ತೆ, ಮೇಲೆ ಒಂದು ಉಂಡೆ ಬೆಣ್ಣೆ, ಅದು ಕರಗಿ ಅಂಚಿಗೆ ಹರಿಯೋದ್ರೊಳಗೆ ಅರ್ಧ ಇಡ್ಲಿ ಖಾಲಿ ಆಗಿರುತ್ತೆ. ಹಿಟ್ಟು ರುಬ್ಬೋವಾಗ ಅಕ್ಕಿ ಉದ್ದಿನ ಜೊತೆ ಅವಲಕ್ಕಿನೋ ಸಬ್ಬಕ್ಕಿನೋ ಸೇರಿಸ್ತಾರಲ್ಲ, ಅದಕ್ಕೇ ಅಷ್ಟು ದಪ್ಪ ಇದ್ರೂ ಹತ್ತಿ ಥರ ಮೆತ್ತಗೆ. ಚಟ್ನಿ ಗಟ್ಟಿ, ಹಸಿಮೆಣಸಿನಕಾಯಿ ಖಾರ ಸರಿಯಾಗಿ ಮೂಗಿಗೆ ಹತ್ತುತ್ತೆ. ನಮ್ ಗ್ಯಾಂಗಲ್ಲಿ ಒಬ್ಬ ಮೊದಲನೇದು ಮುಗಿಯೋಕ್ ಮುಂಚೆನೇ "ಅಣ್ಣಾ ಇನ್ನೊಂದು, ಬೆಣ್ಣೆ ಜಾಸ್ತಿ" ಅಂತ ಕೂಗ್ತಾನೆ, ಅವನನ್ನ ನೋಡಿ ಮಿಕ್ಕೋರೂ ಶುರು.

ಪಾರ್ಸಲ್ ಮಾತ್ರ ದಯವಿಟ್ಟು ತಗೋಬೇಡಿ. ಕವರೊಳಗೆ ಬೆವತು ನೀರು ಬಿಟ್ಕೊಂಡು ಮನೆಗೆ ಹೋಗೋಷ್ಟ್ರಲ್ಲಿ ಅಂಟಂಟಾಗಿರುತ್ತೆ, ಆಮೇಲೆ ಇಷ್ಟೇನಾ ತಟ್ಟೆ ಇಡ್ಲಿ ಅಂತೀರ. ಭಾನುವಾರ ಹತ್ತು ಗಂಟೆ ಮೇಲೆ ಹೋದ್ರೂ ಬೇಜಾರೇ, ರಶ್ಶಿಗೆ ಚಟ್ನಿ ನೀರಾಗಿರುತ್ತೆ, ಎರಡು ಸಲ ಕೇಳಿದ್ರೂ ಸರಿಯಾಗಿ ಹಾಕಲ್ಲ. ಏಳೂವರೆ ಎಂಟಕ್ಕೆಲ್ಲ ಅಲ್ಲಿರಿ.

ಶಿವರಾತ್ರಿ ಟೈಮಲ್ಲಿ ಬಂದ್ರೆ ಮಠದ ಜಾತ್ರೆ ಬಿಡ್ಬೇಡಿ, ದನಗಳ ಜಾತ್ರೆನೂ ಸೇರುತ್ತೆ. ಬೆಂಡು ಬತ್ತಾಸು, ಕಡ್ಲೆಪುರಿ, ಖಾರ ಎಲ್ಲಾ ಗುಡ್ಡೆ ಗುಡ್ಡೆ ಹಾಕಿರ್ತಾರೆ, ಅದನ್ನ ಕಟ್ಟಿಸ್ಕೊಂಡು ಮನೆಗೆ ತಗೊಂಡ್ ಹೋಗಿ, ಏನೂ ಆಗಲ್ಲ. ಜಿಲೇಬಿ ಮಾತ್ರ ಬಾಣಲೆ ಪಕ್ಕನೇ ನಿಂತ್ಕೊಂಡು ತಿನ್ನಿ, ಪಾಕದಿಂದ ಎತ್ತಿದ್ದು ಹಲ್ಲಿಗೆ ಸಿಕ್ಕಿದ್ರೆ ಕರುಂ ಅನ್ನಬೇಕು. ಪೇಪರಲ್ಲಿ ಸುತ್ತಿದ್ದು ತಣ್ಣಗಾದ್ರೆ ಮೆತ್ತಗಾಗಿ ಬರೀ ಸಿಹಿ ಅಷ್ಟೇ.

ಇಷ್ಟೆಲ್ಲಾ ತಿಂದ್ರೂ ನಮ್ಮ ಗ್ಯಾಂಗಲ್ಲಿ ಫಸ್ಟ್ ಪ್ಲೇಸು ಹೋಟ್ಲಿಗಲ್ಲ, ತಿಪಟೂರು ಕಡೆ ಊರಿನ ಫ್ರೆಂಡ್ ಮನೆ ಕಾಯೊಬ್ಬಟ್ಟಿಗೆ. ತೆಂಗಿನ ಸೀಮೆ ಅದು, ಕೊಬ್ಬರಿಗೇ ಹೆಸರಾದ ಊರು, ಅಟ್ಟದ ತುಂಬಾ ಉಂಡೆ ಕೊಬ್ಬರಿಗೆ ಅಂತ ಕಾಯಿ ತಿಂಗಳಾನುಗಟ್ಲೆ ಒಣಗ್ತಾ ಇರುತ್ತೆ. ಒಬ್ಬಟ್ಟಿಗೆ ಮಾತ್ರ ಆವತ್ತು ಒಡೆದ ಹಸಿಕಾಯೇ ಆಗ್ಬೇಕು. ಅಮ್ಮ ತುರಿದು, ಬೆಲ್ಲ ಏಲಕ್ಕಿ ಹಾಕಿ ಹೂರಣ ಮಾಡಿ, ಬಾಳೆಎಲೆ ಮೇಲೆ ತಟ್ಟಿ ಕಾವಲಿಗೆ ಹಾಕ್ತಾರೆ, ತೆಗೀತಿದ್ದ ಹಾಗೇ ತುಪ್ಪ ಹಚ್ಚಿ "ತಿನ್ರಪ್ಪ, ಆರೋದ್ರೆ ಚೆನ್ನಾಗಿರಲ್ಲ" ಅಂತ ತಟ್ಟೆಗೆ ಹಾಕ್ತಾನೇ ಇರ್ತಾರೆ. ಮಾರನೇ ದಿನದ ಒಬ್ಬಟ್ಟೇ ರುಚಿ ಅಂತ ಫ್ರೆಂಡ್ ವಾದ ಮಾಡ್ತಾನೆ, ಬೇಳೆ ಒಬ್ಬಟ್ಟಿಗಾದ್ರೆ ನಾನೂ ಒಪ್ತೀನಿ, ಕಾಯೊಬ್ಬಟ್ಟಿಗೆ ಖಂಡಿತ ಒಪ್ಪಲ್ಲ.

ಇಡ್ಲಿ ಹೋಟ್ಲಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಹೋಗಿದ್ದು ಆ ಭಾನುವಾರದ ಚಟ್ನಿಗೆ.