ಮುಂದಿನ ಪ್ರಧಾನಿ: ರಾಜ್ಯ ಆಳಿದವರೋ, ಸಂಸತ್ತಿನಲ್ಲಿ ಪಳಗಿದವರೋ?

ಮುಂದಿನ ಪ್ರಧಾನಿ ಯಾರಾಗಬೇಕೆಂಬ ಚರ್ಚೆ ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಹೆಸರುಗಳಲ್ಲೇ ಮುಗಿದುಹೋಗುತ್ತದೆ. ಅವರು ಯಾವ ಹಾದಿಯಲ್ಲಿ ಬೆಳೆದು ಬಂದವರೆಂಬುದನ್ನು ಮೊದಲು ನೋಡಬೇಕು.

ಮುಖ್ಯಮಂತ್ರಿಯಾಗಿದ್ದವರಿಗೆ ಆಡಳಿತದ ಒಳಹೊರಗು ತಿಳಿದಿರುತ್ತದೆ. 1996ರಲ್ಲಿ ಎಚ್.ಡಿ. ದೇವೇಗೌಡರೂ 2014ರಲ್ಲಿ ನರೇಂದ್ರ ಮೋದಿಯವರೂ ಹೀಗೆಯೇ ದೆಹಲಿಗೆ ಹೋದರು. ಆದರೆ ಬಹುಮತವಿಲ್ಲದಾಗ ಆ ಅನುಭವವೊಂದೇ ಸಾಲದು; ಕಾಂಗ್ರೆಸ್ ಬಾಹ್ಯ ಬೆಂಬಲ ಹಿಂತೆಗೆದುಕೊಂಡಿದ್ದರಿಂದ ಗೌಡರ ಸರ್ಕಾರ ವರ್ಷ ತುಂಬುವ ಮೊದಲೇ ಬಿತ್ತು.

ವಾಜಪೇಯಿಯವರು ಎಂದೂ ಮುಖ್ಯಮಂತ್ರಿಯಾಗಿರಲಿಲ್ಲ. ದಶಕಗಳ ಸಂಸದೀಯ ಅನುಭವದಿಂದಲೇ ಹಲವು ಮಿತ್ರಪಕ್ಷಗಳನ್ನು ಸಂಭಾಳಿಸಿದರು. (ರಾಜ್ಯವನ್ನೂ ಆಳಿ, 1998ರಲ್ಲಿ ಅವರ ಸಂಪುಟವನ್ನೂ ಸೇರಿದ್ದ ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರಲ್ಲಿ ಈ ಎರಡೂ ಹಾದಿಗಳು ಕೂಡಿದ್ದವು.)

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ನನ್ನ ಒಲವು ರಾಜ್ಯ ಆಳಿದವರ ಕಡೆಗೇ ಇದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ರೈಲ್ವೆ, ರಾಜ್ಯ ಸರ್ಕಾರ ಮತ್ತು ಅರಣ್ಯ ಕಾನೂನುಗಳ ನಡುವೆ ದಶಕಗಳಿಂದ ನೆನೆಗುದಿಗೆ ಬಿದ್ದಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳು ನ್ಯಾಯವಾದ ಪರಿಹಾರಕ್ಕಾಗಿ ಬಹುಕಾಲ ಕೋರ್ಟು ಅಲೆದವು. ಇಂಥ ಕಡತ ಕೇಂದ್ರ ಮತ್ತು ರಾಜ್ಯದ ನಡುವೆ ಎಲ್ಲಿ ಸಿಕ್ಕಿಕೊಳ್ಳುತ್ತದೆಂಬುದು ರಾಜ್ಯ ನಡೆಸಿದವರಿಗೆ ಚೆನ್ನಾಗಿ ಗೊತ್ತು. ಸಮ್ಮಿಶ್ರ ಸರ್ಕಾರ ಬರುವ ಲಕ್ಷಣವಿದ್ದರೆ ಮಾತ್ರ ಸಂಸತ್ತಿನಲ್ಲಿ ಪಳಗಿದವರನ್ನು ಆರಿಸುವುದು ಸೂಕ್ತ.