ವೈಫೈ ಪಾಸ್‌ವರ್ಡ್ ಬದಲಿಸಿದರೆ ಸಾಲದು, ಮೊದಲು ಡಬ್ಲ್ಯೂಪಿಎಸ್ ಆಫ್ ಮಾಡಿ

ಹಾಸನದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿರುವ ಬೀದಿಗಳಲ್ಲಿ ಹೊಸದಾಗಿ ಫೈಬರ್ ಹಾಕಿಸಿಕೊಂಡವರು ದಯವಿಟ್ಟು ಇದನ್ನು ಓದಿ. ವಿದ್ಯಾನಗರದ ನಮ್ಮ ಮನೆಯಲ್ಲಿ ಆಗಿದ್ದು ನಿಮಗೂ ಆಗುವುದು ಬೇಡ.

ತಿಂಗಳು ಮುಗಿಯುವ ಮೊದಲೇ ಡೇಟಾ ಖಾಲಿಯಾಗಿ ಸ್ಪೀಡ್ ಬಿದ್ದುಹೋಗುತ್ತಿತ್ತು. ರೂಟರ್ ಸೆಟ್ಟಿಂಗ್ಸ್ ತೆರೆದು ನೋಡಿದರೆ ಪಟ್ಟಿಯಲ್ಲಿ ನಮ್ಮದಲ್ಲದ ಲ್ಯಾಪ್‌ಟಾಪ್! ಕನೆಕ್ಷನ್ ಕೊಡಲು ಬಂದವರು ನಮ್ಮ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದರು. ಉದ್ದದ ಹೊಸ ಪಾಸ್‌ವರ್ಡ್ ಇಟ್ಟೆವು. ಕೆಲವೇ ದಿನಕ್ಕೆ ಅದೇ ಲ್ಯಾಪ್‌ಟಾಪ್ ಮತ್ತೆ ಬಂತು. ಹೊಸ ಪಾಸ್‌ವರ್ಡ್ ಹೊರಗೆ ಹೇಳಿದವರು ಯಾರು ಅಂತ ಮನೆಯೊಳಗೇ ಮಾತು ಬೆಳೆಯಿತು. ಮಹಡಿ ಮೇಲೆ ಬಾಡಿಗೆಗಿರುವ ಕಾಲೇಜು ಹುಡುಗರ ಮೇಲೂ ಸುಮ್ನೆ ಅನುಮಾನ. ಡೇಟಾ ಹೋಗಿದ್ದಕ್ಕಿಂತ ಇದು ಜಾಸ್ತಿ ನೋಯಿಸಿತು.

ಪಾಸ್‌ವರ್ಡನ್ನು ಯಾರೂ ಹೇಳಿರಲಿಲ್ಲ. ರೂಟರ್‌ನಲ್ಲಿ ಡಬ್ಲ್ಯೂಪಿಎಸ್ ಪಿನ್ ಆನ್ ಇತ್ತು. ಪಾಸ್‌ವರ್ಡ್ ಹಾಕದೆಯೇ ಪ್ರಿಂಟರ್, ಫೋನ್ ಜೋಡಿಸಲು ಕೊಟ್ಟ ಸೌಲಭ್ಯ ಅದು. ಪಿನ್ 8 ಅಂಕಿಯದು, 10 ಕೋಟಿ ಸಾಧ್ಯತೆ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ಮೊದಲ 4 ಅಂಕಿ ಸರಿಯೋ ತಪ್ಪೋ ಅಂತ ರೂಟರ್ ಬೇರೆಯಾಗಿಯೇ ತಿಳಿಸಿಬಿಡುತ್ತದೆ. ಕೊನೆಯ ಅಂಕಿಯನ್ನು ಉಳಿದ 7 ಅಂಕಿಗಳಿಂದ ಲೆಕ್ಕ ಹಾಕಬಹುದು. ಹಾಗಾಗಿ ಮೊದಲ 4 ಅಂಕಿಗೆ 10,000, ಮುಂದಿನ 3 ಅಂಕಿಗೆ 1,000, ಹೆಚ್ಚೆಂದರೆ 11,000 ಪಿನ್ ಪರೀಕ್ಷಿಸಿದರೆ ಸಾಕು. ಕಂಪ್ಯೂಟರ್‌ಗೆ ಇದು ಕೆಲವು ಗಂಟೆಗಳ ಕೆಲಸ. ಪಿನ್ ಸಿಕ್ಕಿದ ಮೇಲೆ ನೀವು ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ರೂಟರೇ ಹೊಸದನ್ನು ಕೊಟ್ಟುಬಿಡುತ್ತದೆ. ಈ ದೋಷ ಬಯಲಾಗಿದ್ದು 2011ರಲ್ಲಿ. ಇವತ್ತಿಗೂ ಅಂಥ ರೂಟರನ್ನು ಮನೆಗಳಿಗೆ ಹಾಕುವುದು ದೊಡ್ಡ ತಪ್ಪು.

ಅದಕ್ಕೇ ಮೊದಲು ಡಬ್ಲ್ಯೂಪಿಎಸ್ ಆಫ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಹಿಂದುಮುಂದಾದರೆ ಪ್ರಯೋಜನವಿಲ್ಲ. ರೂಟರ್ ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ವೈಫೈಗೆ ಬೀಗ ಹಾಕುವ ವಿಧಾನಗಳಿರುತ್ತವೆ, ಅದರಲ್ಲಿ ಡಬ್ಲ್ಯೂಪಿಎ2 ಎಇಎಸ್ ಅಥವಾ ಡಬ್ಲ್ಯೂಪಿಎ3 ಆರಿಸಿ. ಸುಲಭವಾಗಿ ಮುರಿಯಬಹುದಾದ ಹಳೇ ವಿಧಾನ ಡಬ್ಲ್ಯೂಇಪಿ ಕಂಡರೆ ತಕ್ಷಣ ತೆಗೆಯಿರಿ. ವೈಫೈ ಹೆಸರು ಬಚ್ಚಿಡುವುದು, ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಸಾಧನಗಳನ್ನಷ್ಟೇ ಬಿಡುವುದು) ಹಾಕುವುದು, ಇವನ್ನು ನಂಬಿ ಕೂರಬೇಡಿ. ಸಾಧನದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ನೆಂಟರ ಫೋನು, ಟಿವಿ, ಸಿಸಿ ಕ್ಯಾಮೆರಾಗಳಿಗೆ ಗೆಸ್ಟ್ ನೆಟ್‌ವರ್ಕ್, ಅಂದರೆ ಅದೇ ರೂಟರ್‌ನ ಬೇರೆ ವೈಫೈ, ಕೊಡಿ.

ಇದನ್ನು ಬರೀ ಡೇಟಾ ಕಳ್ಳತನ ಅಂದುಕೊಳ್ಳಬೇಡಿ. ನಿಮ್ಮ ವೈಫೈಯಿಂದ ಯಾರಾದರೂ ಮೋಸ ಮಾಡಿದರೆ, ಐಪಿ ವಿಳಾಸ ಹಿಡಿದು ಬರುವ ಪೊಲೀಸರಿಗೆ ಮೊದಲು ಸಿಗುವುದು ಕನೆಕ್ಷನ್ ಇರುವವರ ಹೆಸರು.

ದೂರು ಕೊಟ್ಟ ಮೇಲೆ ರೂಟರ್ ಬದಲಿಸಿಕೊಟ್ಟರು. ಹೊಸದರಲ್ಲೂ ಡಬ್ಲ್ಯೂಪಿಎಸ್ ಆನ್ ಇತ್ತು, ಸೆಟ್ಟಿಂಗ್ಸ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಕೂಡ 'ಅಡ್ಮಿನ್' ಅಂತಲೇ ಇತ್ತು. ಬಂದವರನ್ನು ಕೂರಿಸಿಕೊಂಡು ಎರಡನ್ನೂ ಬದಲಿಸಿದ ಮೇಲೆಯೇ ಕಳಿಸಿದೆ. ನೀವೂ ಹಾಗೇ ಮಾಡಿ.