ಆರು ವರ್ಷ ಬಳಸಿದ ಗ್ರೇ-ಕಿಂಗ್ ಕುಲುಮೆ: ಲೆಕ್ಕ ಕೂಡುತ್ತಾ?

ನಮ್ಮೂರು ಗಡಹಿಂಗ್ಲಜ, ಕೆಲಸ ಕೊಲ್ಹಾಪುರದ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ. ಇಲ್ಲಿನ ಫೌಂಡ್ರಿಗಳಿಗೆ ಗಟ್ಟಿ ಕೋಕ್ ಬೇಕು, ಅಂದರೆ ಗಾಳಿ ತಾಕದಂತೆ ಕಾಯಿಸಿದ ಕಲ್ಲಿದ್ದಲಿನಿಂದ ಉಳಿಯುವ ಗಟ್ಟಿ ಇಂಧನ. ಕೋಕ್ ಮಾಡುವವರು ಮರ್ಮಗೋವಾ ಬಂದರಿಗೆ ಇಳಿದ ಕಲ್ಲಿದ್ದಲಿನ ಸ್ಯಾಂಪಲ್ ನಮಗೆ ಕಳಿಸುತ್ತಾರೆ. ಗಾಳಿ ತಾಕದಂತೆ ಅದನ್ನು ಕಾಯಿಸಿ, ಕೋಕ್ ಎಷ್ಟು, ಟಾರ್ (ಡಾಂಬರಿನಂಥ ಅಂಟು) ಎಷ್ಟು, ನೀರೆಷ್ಟು, ಗ್ಯಾಸ್ ಎಷ್ಟು ಅಂತ ಹೇಳಬೇಕು. ಈ ಪರೀಕ್ಷೆಯ ಹೆಸರೇ ಗ್ರೇ-ಕಿಂಗ್. ಅದಕ್ಕೆಂದೇ ತಂದದ್ದು ಈ ನಾಲ್ಕು ಕೊಳವೆಯ ಕುಲುಮೆ.

ಪುಡಿ ಮಾಡಿದ ಕಲ್ಲಿದ್ದಲು 20 ಗ್ರಾಂ. ನಿಮಿಷಕ್ಕೆ 5 ಡಿಗ್ರಿಯಂತೆ 600 ಡಿಗ್ರಿಗೆ ಏರಿಸಿ, ಅಲ್ಲೇ 15 ನಿಮಿಷ ನಿಲ್ಲಿಸಬೇಕು. ಈ ಏರಿಕೆಯಲ್ಲಿ ಕುಲುಮೆ ಚಿನ್ನದಂಥದ್ದು. ಕರೆಂಟ್ ಏರಿಳಿದ ದಿನವೂ ಹಳಿ ತಪ್ಪಿಲ್ಲ.

ತಲೆನೋವು ಕೊಟ್ಟದ್ದು ಜೊತೆಗೆ ಬಂದ, ಕೊಳವೆಯ ಬಾಯಿ ಮುಚ್ಚುವ ರಬ್ಬರ್ ಬಿರಡೆ. ಒಳ್ಳೆಯ ದಿನ ನನ್ನ ಲೆಕ್ಕ ಹೀಗಿರುತ್ತದೆ: ಕೋಕ್ 14.9 ಗ್ರಾಂ, ಟಾರ್ 1.9, ನೀರು 1.1, ಗ್ಯಾಸ್ 2.2 ಲೀಟರ್, ಅಂದರೆ ಸುಮಾರು 1.6 ಗ್ರಾಂ. ಹಾಕಿದ 20 ಗ್ರಾಂಗೆ ಒಟ್ಟು ಸಿಕ್ಕಿದ್ದು 19.5. ಅರ್ಧ ಗ್ರಾಂ ಹೋದರೆ ಹೋಗಲಿ, ಕೊಳವೆಗೆ ಅಂಟಿದ ಟಾರ್ ಪೂರ್ತಿ ಕೈಗೆ ಸಿಗುವುದಿಲ್ಲ. ಎರಡನೇ ವರ್ಷ ಒಟ್ಟು 18.4ಕ್ಕೆ ಇಳಿಯಿತು. ತಕ್ಕಡಿ ಬದಲಿಸಿದೆ, ಸ್ಯಾಂಪಲ್ ಬದಲಿಸಿದೆ, ಮೂರು ವಾರ ನಿದ್ದೆ ಇಲ್ಲ. ಕೊನೆಗೆ ಸೋಪು ನೀರು ಹಚ್ಚಿ ನೋಡಿದರೆ ಬಿರಡೆಯ ಸುತ್ತ ಗುಳ್ಳೆ! ಟಾರಿನ ಆವಿಗೆ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಸಿಲಿಕೋನ್ ಬಿರಡೆ ಹಾಕಿದ ದಿನವೇ ಲೆಕ್ಕ ಕೂಡಿತು. ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಇನ್ನೊಂದು ಮಾತು. ಪರದೆ 600 ಅಂತ ತೋರಿಸುವಾಗ ಕೊಳವೆಯೊಳಗೆ 585 ಮಾತ್ರ ಇತ್ತು. ಬೇರೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಳಿಸಿ ನೋಡಿದಾಗಲೇ ಗೊತ್ತಾದದ್ದು. ಬಿಸಿ ಕಡಿಮೆಯಾದರೆ ಆವಿ ಕೋಕಿನಲ್ಲೇ ಉಳಿದು ಅದರ ತೂಕ ಜಾಸ್ತಿ ಬರುತ್ತದೆ, ಗ್ಯಾಸ್ ಕಡಿಮೆ. ಅದನ್ನೇ ನಂಬಿ ಸರಕು ಕೊಂಡವರಿಗೆ ನಷ್ಟ, ಅಲ್ವಾ? ತಿದ್ದಿಕೊಡಿ ಅಂತ ಮಾರಿದವರಿಗೆ ಫೋನ್ ಮಾಡಿದೆ. ನಲವತ್ತು ದಿನದ ಮೇಲೆ ಜನ ಬಂದರು.

ಗ್ಯಾಸ್ ಹಿಡಿಯುವ ಪಾತ್ರೆಗೆ ಸುಮ್ನೆ ನಲ್ಲಿ ನೀರು ತುಂಬಬೇಡಿ. ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗುತ್ತದೆ. ಉಪ್ಪು ತುಂಬಿಸಿದ ನೀರು ಮೇಲು. ಮಳೆಗಾಲದಲ್ಲಿ ಸ್ಯಾಂಪಲ್ಲಿನ ತೇವವನ್ನು ಬೇರೆಯಾಗಿ ಅಳೆದು ಕಳೆಯಿರಿ, ಇಲ್ಲದಿದ್ದರೆ ನೀರಿನ ಲೆಕ್ಕ ಸುಳ್ಳು. ಸ್ಯಾಂಪಲ್ಲನ್ನು ತಿಂಗಳುಗಟ್ಟಲೆ ತೆರೆದಿಟ್ಟರೆ ಗಾಳಿಗೆ ಹಳತಾಗಿ, ಗಟ್ಟಿ ಕೋಕ್ ಕೊಡುವ ಕಲ್ಲಿದ್ದಲೂ ಪುಡಿಪುಡಿಯಾಗಿ ಬರುತ್ತದೆ. ಹೊರಗೆ ಗಾಳಿ ಎಳೆಯುವ ಫ್ಯಾನ್ ಇಲ್ಲದೆ ಇದನ್ನು ಹಚ್ಚಲೇಬೇಡಿ, ಗ್ಯಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಗಿರಾಕಿಗಳಿಗೆ ಯಾವಾಗಲೂ ಹೇಳುವುದೊಂದಿದೆ. ಇದು 600 ಡಿಗ್ರಿಯ ಲೆಕ್ಕ. ಕೋಕ್ ಭಟ್ಟಿ 1000 ದಾಟುತ್ತದೆ. ಅಲ್ಲಿ ಟಾರ್ ಕಡಿಮೆ, ಗ್ಯಾಸ್ ಜಾಸ್ತಿ, ಅದರಲ್ಲಿ ಹೈಡ್ರೋಜನ್ನೇ ಹೆಚ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಕುಲುಮೆಗೆ ಐದಕ್ಕೆ ನಾಲ್ಕು. ರಿಪೇರಿ ಸೇವೆಗೆ ಎರಡೇ. ಕೊಳ್ಳುವವರು ಎರಡು ರಿಟಾರ್ಟ್ ಕೊಳವೆ, ಅಂದರೆ ಕಲ್ಲಿದ್ದಲು ಹಾಕಿ ಕಾಯಿಸುವ ಕೊಳವೆ, ಹೆಚ್ಚಿಗೆ ತರಿಸಿಡಿ. ಕಳೆದ ಜೂನ್‌ನಲ್ಲಿ ನನ್ನ ಒಂದು ಕೊಳವೆ ಬಿರುಕು ಬಿಟ್ಟಿತು, ಹೊಸದಕ್ಕೆ ಕಾಯುತ್ತಾ ಹದಿನೆಂಟು ದಿನ ಆ ಬಾಯಿ ಖಾಲಿ ಬಿದ್ದಿತ್ತು.